ವಿಶೇಷ ಅಗತ್ಯದ ಯುವಜನರಿಗೆ ಸಂಬಳದ ಕೆಲಸ: ಜಾಗ ಮೊದಲು, ಕಲಿಕೆ ಅಲ್ಲೇ

ವರ್ಷಗಟ್ಟಲೆ ತರಬೇತಿ ಕೊಟ್ಟು, ಆಮೇಲೆ ಕೆಲಸ ಹುಡುಕುವ ಕ್ರಮ ಬೌದ್ಧಿಕ ಅಸಾಮರ್ಥ್ಯ ಇರುವವರ ವಿಷಯದಲ್ಲಿ ಮೇಲಿಂದ ಮೇಲೆ ಸೋಲುತ್ತದೆ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದೇ ಅವರಿಗೆ ಕಷ್ಟ. ಹಾಗಾಗಿ ಕೆಲಸದ ಜಾಗದಲ್ಲೇ ಕಲಿಸಬೇಕು. ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯಲ್ಲಿ 1996ರಲ್ಲಿ ಶುರುವಾದ ‘ಪ್ರಾಜೆಕ್ಟ್ ಸರ್ಚ್’ ಎಂಬ ಉದ್ಯೋಗ ತರಬೇತಿ ಕಾರ್ಯಕ್ರಮ ನಡೆಯುವುದೂ ಹೀಗೆಯೇ.

ಮೊದಲು ಅವರನ್ನು ಗಮನಿಸಿ. ‘ಯಾವ ಕೆಲಸ ಇಷ್ಟ?’ ಎಂದರೆ ಎಷ್ಟೋ ಮಂದಿ ಎದುರಿಗಿರುವವರಿಗೆ ಹಿತವಾದ ಉತ್ತರ ಕೊಡುತ್ತಾರೆ. ಎಷ್ಟು ಹೊತ್ತು ನಿಲ್ಲಬಲ್ಲರು, ಯಾವ ಸದ್ದು ಸಹಿಸರು, ಅಕ್ಷರ ಓದುತ್ತಾರೋ ಚಿತ್ರವೋ, ಎಷ್ಟರವರೆಗೆ ಎಣಿಸುತ್ತಾರೆ ಎಂಬುದನ್ನು ನೋಡಿ ಬರೆದಿಡಿ.

ಕೆಲಸ ಹುಡುಕುವಾಗ ಜಾಹೀರಾತು ಕಾಯಬೇಡಿ. ಸಂಸ್ಥೆಗೆ ಹೋಗಿ, ನುರಿತ ಸಿಬ್ಬಂದಿಯ ಸಮಯ ತಿನ್ನುವ, ಸದಾ ಬಾಕಿ ಉಳಿಯುವ ಕೆಲಸಗಳು ಯಾವುವು ಎಂದು ಕೇಳಿ. ಅವನ್ನು ಒಟ್ಟುಗೂಡಿಸಿದರೆ ಒಂದು ಹುದ್ದೆಯಾಗುತ್ತದೆ. ದಯೆಯ ಮಾತು ಬೇಡ. ಉಳಿದವರಿಗೆ ಸಿಗುವ ದರದಲ್ಲೇ ಸಂಬಳ ಕೇಳಿ. ಸಂಬಳವಿಲ್ಲದ ಪ್ರಾಯೋಗಿಕ ಅವಧಿಗೆ ಒಪ್ಪುವುದಾದರೆ ಮುಗಿಯುವ ದಿನಾಂಕ ಬರವಣಿಗೆಯಲ್ಲಿರಲಿ. ಇಲ್ಲದಿದ್ದರೆ ಅದಕ್ಕೆ ಕೊನೆಯೇ ಇರುವುದಿಲ್ಲ. ಸಂಬಳದಿಂದ ಅಂಗವಿಕಲರ ಮಾಸಾಶನಕ್ಕೆ ಕತ್ತರಿ ಬೀಳುತ್ತದೆಯೇ ಎಂದು ಸೇರುವ ಮೊದಲೇ ವಿಚಾರಿಸಿ.

ಕೆಲಸವನ್ನು ಸಣ್ಣ ಹೆಜ್ಜೆಗಳಾಗಿ ಬಿಡಿಸಿ. ‘ಕಪಾಟು ತುಂಬು’ ಎಂಬುದು ಒಂದು ಹೆಜ್ಜೆಯಲ್ಲ. ಆಸ್ಪತ್ರೆಯಲ್ಲಿ ಗ್ಲೌಸ್ ಡಬ್ಬಿ ಜೋಡಿಸುವುದನ್ನೇ ನೋಡಿ: ನೆಲದ ಹಳದಿ ಗೆರೆಗೆ ಟ್ರಾಲಿ ನಿಲ್ಲಿಸು, ಫೋಟೊ ಕಾರ್ಡ್ ನೋಡು, ಹಳೆಯ ಡಬ್ಬಿಗಳನ್ನು ಹೊರಗೆ ತೆಗೆ, ಹೊಸದನ್ನು ಹಿಂದಿಡು, ಹಳೆಯದನ್ನು ಮುಂದಿಡು, ಪಟ್ಟಿಯಲ್ಲಿ ಗುರುತು ಹಾಕು. ತಪ್ಪಾಗುವುದು ಸಾಮಾನ್ಯವಾಗಿ ಮೂರನೆಯದರಲ್ಲಿ. ಅದನ್ನು ಬಿಟ್ಟರೆ ಹೊಸ ಡಬ್ಬಿ ಮುಂದೆ ಕೂರುತ್ತದೆ, ಹಿಂದಿನದರ ಅವಧಿ ಮುಗಿಯುತ್ತದೆ. ಹಳೆಯದನ್ನು ಇಡಲು ಟ್ರಾಲಿಯಲ್ಲಿ ಕೆಂಪು ತಟ್ಟೆ ಇಟ್ಟರೆ, ಅದು ಖಾಲಿ ಇರುವುದೇ ನೆನಪಿಸುತ್ತದೆ. ಕಲಿಯಲಾರರು ಎಂದು ಬದಿಗಿಟ್ಟಿದ್ದವರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸುವುದನ್ನು ಅಮೆರಿಕದ ವಿಶೇಷ ಶಿಕ್ಷಣ ತಜ್ಞ ಮಾರ್ಕ್ ಗೋಲ್ಡ್ 1970ರ ದಶಕದಲ್ಲಿ ಕಲಿಸಿದ್ದು ಹೀಗೆ ಬಿಡಿಸಿಯೇ.

ಕಲಿಸುವಾಗ ಜಾಬ್ ಕೋಚ್, ಅಂದರೆ ಕೆಲಸದ ಜಾಗದಲ್ಲೇ ಕಲಿಸುವವರು, ಪಕ್ಕದಲ್ಲಿ ನಿಲ್ಲಲಿ. ಮೊದಲು ಐದಾರು ಸೆಕೆಂಡ್ ಸುಮ್ಮನಿರಿ. ಆಗದಿದ್ದರೆ ಬೆರಳು ತೋರಿಸಿ, ಆಮೇಲೆ ಮಾಡಿ ತೋರಿಸಿ. ಮಾತು ಆದಷ್ಟು ಕಡಿಮೆ ಇರಲಿ: ಪ್ರತಿ ಹೆಜ್ಜೆಗೂ ಹೇಳಿಸಿಕೊಂಡವರು ಮುಂದೆ ಹೇಳುವವರೆಗೂ ಕಾಯುತ್ತಾರೆ. ವೇಗ ಸಾಲದೆಂದು ಕೋಚ್ ತಾನೇ ಕೈಹಾಕಿದರೆ ಸಂಸ್ಥೆಗೆ ನಿಜವಾದ ವೇಗ ತಿಳಿಯದು, ಕೋಚ್ ಹೊರಟ ದಿನವೇ ಕೆಲಸ ಕುಸಿಯುತ್ತದೆ. ಮೇಲ್ವಿಚಾರಕರು ಕೋಚ್ ಜೊತೆ ಮಾತಾಡಲು ಬಂದರೆ, ಕೋಚ್ ಕೆಲಸಗಾರರನ್ನು ತೋರಿಸಿ ‘ಅವರನ್ನೇ ಕೇಳಿ’ ಎನ್ನಬೇಕು. ಮೊದಲ ದಿನದಿಂದಲೇ ಒಬ್ಬ ಸಹೋದ್ಯೋಗಿ ಜೊತೆಗಿರಲಿ.

ಊಟದ ಬಿಡುವು, ಬಸ್ ತಪ್ಪಿದರೆ ಯಾರಿಗೆ ಫೋನ್ ಮಾಡುವುದು, ರಜೆ ಹೇಳುವುದು: ಇವನ್ನೂ ಹೀಗೆಯೇ ಹೆಜ್ಜೆ ಹೆಜ್ಜೆಯಾಗಿ ಕಲಿಸಬೇಕು. ಕೋಚ್ ದಿನಕ್ಕೊಂದಿಷ್ಟು ಹೊತ್ತು ಕಡಿಮೆ ಮಾಡುತ್ತ ದೂರ ಸರಿಯಲಿ. ಆದರೆ ಮೇಲ್ವಿಚಾರಕರು, ಪಾಳಿ ಅಥವಾ ಕಪಾಟಿನ ಜಾಗ ಬದಲಾದ ವಾರ ಮತ್ತೆ ಬಂದು ನಿಲ್ಲಬೇಕು. ಈ ಮಾತನ್ನು ಸಂಸ್ಥೆಯ ಜೊತೆ ಮೊದಲೇ ಆಡಿಕೊಂಡಿರಿ.