ಮೂರು ಸರ್ಟಿಫಿಕೇಟು, ಒಂದು ಎಕ್ಸೆಲ್ ಹಾಳೆ

ಸಾಫ್ಟ್‌ವೇರ್ ತಂಡ ಸ್ಕ್ರಮ್ ಎಂಬ ಪದ್ಧತಿಯಲ್ಲಿ ಕೆಲಸ ಮಾಡುವಂತೆ ನೋಡಿಕೊಳ್ಳುವ ಸ್ಕ್ರಮ್ ಮಾಸ್ಟರ್ ಕೆಲಸ ಸಿಕ್ಕಿ ಎರಡೂವರೆ ವರ್ಷವಾಗುತ್ತ ಬಂತು. ಒಂದೊಂದು ಕೆಲಸಕ್ಕೆ ಎಷ್ಟು ದಿನ ಹಿಡಿಯಿತೆಂದು ನಾನು ಎಕ್ಸೆಲ್ ಹಾಳೆಯಲ್ಲಿ ಬರೆದಿಡುವುದನ್ನು ಕಂಡು "ಆ ಲೆಕ್ಕದ ಹಾಳೆಯನ್ನು ಯಾರೂ ನೋಡುವುದಿಲ್ಲ, ಇನ್ನೊಂದು ಕೋರ್ಸು ಮಾಡು" ಎಂದಿದ್ದ ಹಳೆಯ ಸಹೋದ್ಯೋಗಿಗಳೇ ಈಗ ಫೋನು ಮಾಡಿ ಯಾವ ಸರ್ಟಿಫಿಕೇಟು ಮಾಡಬೇಕು ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳಿ ಹೇಳಿ ಬೇಸರವಾಗಿ ಬರೆದೇಬಿಡೋಣ ಅನ್ನಿಸಿತು. ಜಿರಾ, ಸ್ಪ್ರಿಂಟ್, ರೆಟ್ರೋಗಳನ್ನು ಇಲ್ಲಿ ಉದ್ದಕ್ಕೆ ವಿವರಿಸುವುದಿಲ್ಲ: ಜಿರಾ ಎಂದರೆ ಒಂದೊಂದು ಕೆಲಸವನ್ನೂ ಒಂದು ಟಿಕೆಟ್ಟಾಗಿ ಬರೆದಿಡುವ ತಂತ್ರಾಂಶ, ಸ್ಪ್ರಿಂಟ್ ಎಂದರೆ ಎರಡು ವಾರದಂಥ ಒಂದು ಕೆಲಸದ ಕಂತು, ರೆಟ್ರೋ ಅದರ ಕೊನೆಯ ಹಿನ್ನೋಟದ ಸಭೆ, ಇಷ್ಟು ಸಾಕು. ನಾನು ಹತ್ತು ವರ್ಷ ಟೆಸ್ಟಿಂಗ್‌ನಲ್ಲಿ ಸವೆದು ಈ ಕಡೆ ಬಂದವನು. ಇದನ್ನು ಓದುವವರಲ್ಲಿ ಹೆಚ್ಚಿನವರೂ ಅಂಥವರೇ ಇರುತ್ತೀರಿ.

ಮೊದಲು ದುಡ್ಡಿನ ಮಾತು. ನನ್ನ ಜೇಬಿನಿಂದ ಹೋದದ್ದು ಹೆಚ್ಚುಕಡಿಮೆ ಎಂಬತ್ತು ಸಾವಿರ. ಅದರಲ್ಲಿ ಉಪಯೋಗಕ್ಕೆ ಬಂದದ್ದು ಹನ್ನೊಂದು ಸಾವಿರ.

2016ರಲ್ಲಿ ಸಿಎಸ್‌ಎಂ (ಸರ್ಟಿಫೈಡ್ ಸ್ಕ್ರಮ್ ಮಾಸ್ಟರ್) ಮಾಡಿದೆ. ಮಾರತ್ತಹಳ್ಳಿ ಕಡೆಯ ಒಂದು ಹೋಟೆಲಿನಲ್ಲಿ ಶನಿವಾರ, ಭಾನುವಾರ ಎರಡು ದಿನದ ತರಗತಿ. ಆಗಿನ್ನೂ ಜಿಎಸ್‌ಟಿ ಬಂದಿರಲಿಲ್ಲ, ಸೇವಾ ತೆರಿಗೆ ಸೇರಿ ಇಪ್ಪತ್ತಾರು ಸಾವಿರ ಚಿಲ್ಲರೆ. ಕಾಗದದ ವಿಮಾನ ಮಡಚಿದೆವು, ಗೋಡೆಗೆ ಹಳದಿ ಚೀಟಿ ಅಂಟಿಸಿದೆವು, ಮಧ್ಯಾಹ್ನದ ಊಟ ಚೆನ್ನಾಗಿತ್ತು. ಪರೀಕ್ಷೆಯಲ್ಲಿ ಆಗ 35 ಪ್ರಶ್ನೆ, 24 ಸರಿಯಾದರೆ ಪಾಸು. (ಈಗ 50ಕ್ಕೆ 37 ಮಾಡಿದ್ದಾರೆ. ತರಗತಿಗೆ ಕೂತವನು ಅದಕ್ಕೂ ಹೆದರಬೇಕಾಗಿಲ್ಲ.) ಪ್ರಿಂಟ್ ತೆಗೆಸಿ ಡೆಸ್ಕಿನ ಮೇಲೆ ಅಂಟಿಸಿಕೊಂಡೆ. ಎರಡು ವರ್ಷಕ್ಕೆ ಸರಿಯಾಗಿ ಮೇಲ್ ಬಂತು, ನವೀಕರಣಕ್ಕೆ 100 ಡಾಲರ್ ಎಂದು. ಆ ಎರಡು ವರ್ಷದಲ್ಲಿ ಒಂದು ಸ್ಟ್ಯಾಂಡಪ್ಪನ್ನೂ (ತಂಡದ ದಿನದಿನದ ಚಿಕ್ಕ ಸಭೆ) ನಡೆಸಿರಲಿಲ್ಲ ನಾನು. ಕಟ್ಟಲಿಲ್ಲ.

2019ರಲ್ಲಿ ನಮ್ಮ ಕ್ಲೈಂಟ್ ಸೇಫ್ ಹಾದಿ ಹಿಡಿದರು, ಅಂದರೆ ಹಲವು ತಂಡಗಳನ್ನು ಒಟ್ಟಿಗೆ ನಡೆಸುವ ಪದ್ಧತಿ. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಪಿಐ ಪ್ಲಾನಿಂಗ್ (ಮುಂದಿನ ಕೆಲವು ತಿಂಗಳ ಯೋಜನೆ), ಟ್ರೈನು (ತಂಡಗಳ ಗುಂಪು), ಟ್ರೈನಿಗೊಬ್ಬ ಎಂಜಿನಿಯರು. ನಾನೂ ಕೋರ್ಸಿಗೆ ಹೆಸರು ಕೊಟ್ಟೆ. ಜಿಎಸ್‌ಟಿ ಸೇರಿ ಮೂವತ್ತೆರಡು ಸಾವಿರದ ಆಸುಪಾಸು ಬಿತ್ತು. ಕಂಪನಿ ಹಿಂತಿರುಗಿಸುತ್ತದೆ ಎಂಬ ನಂಬಿಕೆಯಲ್ಲಿ ಕ್ರೆಡಿಟ್ ಕಾರ್ಡಿನಿಂದ ಕಟ್ಟಿದ್ದೆ. ಮೂರು ತಿಂಗಳ ನಂತರ ಕ್ಲೇಮು ತಿರಸ್ಕೃತ: ಬಿಲ್ಲು ನನ್ನ ಹೆಸರಿಗಿದೆ, ಅದರಲ್ಲಿ ಕಂಪನಿಯ ಜಿಎಸ್‌ಟಿ ಸಂಖ್ಯೆ ಇಲ್ಲ! ಅಷ್ಟರಲ್ಲಿ ಕಾರ್ಡಿನ ಬಡ್ಡಿ ಬೆಳೆದಿತ್ತು. ಸೇಫ್‌ಗೆ ಪ್ರತಿವರ್ಷ ನವೀಕರಣ ಶುಲ್ಕ ಬೇರೆ. ಅದೂ ಒಂದೇ ವರ್ಷಕ್ಕೆ ಕಂತಿತು.

ಪಿಎಂಐ-ಎಸಿಪಿ ಎಂಬ ಇನ್ನೊಂದು ಸರ್ಟಿಫಿಕೇಟಿನ ಕಡೆಗೂ ಕಣ್ಣು ಹಾಕಿದ್ದೆ. ಆಗ 120 ಪ್ರಶ್ನೆ, ಮೂರು ಗಂಟೆ, ಪಿಎಂಐ ಸಂಸ್ಥೆಯ ಸದಸ್ಯರಿಗೆ 435 ಡಾಲರ್, ಇತರರಿಗೆ 495. ಅರ್ಜಿಯಲ್ಲಿ ಅನುಭವದ ಗಂಟೆಗಳನ್ನು ತುಂಬುವಲ್ಲಿಗೆ ಬಂದಾಗ ಲ್ಯಾಪ್‌ಟಾಪ್ ಮುಚ್ಚಿದೆ. ಸುಳ್ಳು ಬರೆಯದೆ ಅದು ತುಂಬುತ್ತಿರಲಿಲ್ಲ.

2020ರ ಕೊನೆಯಲ್ಲಿ ಸಂದರ್ಶನಗಳು ಶುರುವಾದವು. ರೆಸ್ಯೂಮಿನಲ್ಲಿ ಎರಡು ಸರ್ಟಿಫಿಕೇಟು, ಒಂಬತ್ತು ಕಡೆಯಿಂದ ಕರೆ, ಒಂಬತ್ತೂ ಸೋಲು. ಕರೆ ಬಂದದ್ದು ಸರ್ಟಿಫಿಕೇಟಿನಿಂದಲೇ ಎಂಬುದನ್ನು ಒಪ್ಪಲೇಬೇಕು. ಎಚ್‌ಆರ್ ಹುಡುಗಿಯರು ನೌಕರಿ ಜಾಲತಾಣದಲ್ಲಿ ಹುಡುಕುವುದು ಸಿಎಸ್‌ಎಂ ಎಂಬ ಆ ಮೂರಕ್ಷರವನ್ನೇ. ನಿಮ್ಮ ಹತ್ತು ವರ್ಷದ ಬೆವರನ್ನು ಅಲ್ಲಿ ಯಾರೂ ಟೈಪ್ ಮಾಡುವುದಿಲ್ಲ. ಆದರೆ ಒಳಗೆ ಹೋದ ಮೇಲೆ ಆ ಮೂರಕ್ಷರದ ಆಯುಸ್ಸು ಐದು ನಿಮಿಷ.

ಆರನೆಯದೋ ಏಳನೆಯದೋ ಸಂದರ್ಶನದಲ್ಲಿ ಒಬ್ಬ ಹಿರಿಯರು ಕೇಳಿದ್ದು ಇಷ್ಟೇ: "ನಿಮ್ಮ ತಂಡದಲ್ಲಿ ಒಂದು ಕೆಲಸ ಕೈಗೆತ್ತಿಕೊಂಡ ದಿನದಿಂದ ಮುಗಿಯುವ ದಿನದವರೆಗೆ ಎಷ್ಟು ದಿನ ಹಿಡಿಯುತ್ತದೆ?" ನಾನು ವೆಲಾಸಿಟಿ 42 ಎಂದೆ, ಅಂದರೆ ಒಂದು ಸ್ಪ್ರಿಂಟಿನಲ್ಲಿ ಮುಗಿಸುವ ಕೆಲಸದ ಗಾತ್ರದ ಅಂದಾಜು. "ಅದು ಪಾಯಿಂಟು. ನಾನು ಕೇಳಿದ್ದು ದಿನ" ಎಂದರು. ಎರಡು ವಾರದ ಸ್ಪ್ರಿಂಟು ಸರ್, ಎರಡು ವಾರದೊಳಗೆ ಮುಗಿಯುತ್ತದೆ ಎಂದೆ. ಅವರು ನಕ್ಕರು, ನಾನೂ ನಕ್ಕೆ. ಆ ನಗು ಬಹಳ ದಿನ ಕಾಡಿತು.

2021ರ ಜನವರಿಯಿಂದ ಒಂದು ಎಕ್ಸೆಲ್ ಹಾಳೆ ಶುರು ಮಾಡಿದೆ. ಆಗ ಮನೆಯಿಂದಲೇ ಕೆಲಸ. ನಾನು ಗದಗಿನಲ್ಲಿ ಅಕ್ಕನ ಮನೆಯ ಮಹಡಿಯಲ್ಲಿದ್ದೆ. ಹಾಳೆಯಲ್ಲಿ ನಾಲ್ಕೇ ಕಾಲಂ. ಟಿಕೆಟ್ ಸಂಖ್ಯೆ, ಕೈಗೆತ್ತಿಕೊಂಡ ದಿನ, ಮುಗಿದ ದಿನ, ನಾಲ್ಕನೆಯದು ಇನ್ನೊಂದು. ಆ ನಾಲ್ಕನೆಯದು ನನ್ನ ಬಂಡವಾಳ, ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಜಿರಾದಲ್ಲಿ ಚಾರ್ಟು ಇಲ್ಲವೇ ಎನ್ನುತ್ತೀರಿ. ಇದೆ. ಆದರೆ ನಮ್ಮವರು ಟಿಕೆಟನ್ನು ಸರಿಸುತ್ತಿದ್ದದ್ದೇ ಸ್ಪ್ರಿಂಟಿನ ಕೊನೆಯ ಶುಕ್ರವಾರ, ಎಲ್ಲವನ್ನೂ ಒಟ್ಟಿಗೆ. ಜಿರಾ ಪ್ರಕಾರ ನಮ್ಮ ತಂಡ ಶುಕ್ರವಾರ ಮಾತ್ರ ಕೆಲಸ ಮಾಡುತ್ತಿತ್ತು. ಅದಕ್ಕೇ ದಿನಾ ಸಂಜೆ ಹತ್ತು ನಿಮಿಷ ಕೂತು ಕೈಯಲ್ಲೇ ತುಂಬುತ್ತಿದ್ದೆ. ನಾನಿನ್ನೂ ಟೆಸ್ಟ್ ಲೀಡ್. ಯಾರೂ ಹೇಳಿದ ಕೆಲಸವಲ್ಲ, ಯಾರೂ ಕೇಳಿದ್ದೂ ಅಲ್ಲ.

ಎರಡು ತಿಂಗಳಿಗೆ ಚಿತ್ರ ಕಂಡಿತು. ಎಂಟು ಜನರ ತಂಡ, ಯಾವ ದಿನ ಎಣಿಸಿದರೂ ಅರ್ಧಕ್ಕೆ ನಿಂತ ಕೆಲಸ ಇಪ್ಪತ್ತೆರಡರ ಸುತ್ತ, ಮುಗಿಯುತ್ತಿದ್ದದ್ದು ದಿನಕ್ಕೆ ಎರಡು. ಲಿಟಲ್‌ನ ಸೂತ್ರ ಇದಕ್ಕೇ ಇರುವುದು, ನಿಂತ ಕೆಲಸವನ್ನು ದಿನಕ್ಕೆ ಮುಗಿಯುವುದರಿಂದ ಭಾಗಿಸಿದರೆ ಸಾಕು: ಒಂದೊಂದಕ್ಕೆ ಹನ್ನೊಂದು ದಿನ. ನನ್ನ ಹಾಳೆಯ ಸರಾಸರಿಯೂ ಅಷ್ಟೇ ಬಂದಾಗ ಸ್ವಲ್ಪ ಹೆಮ್ಮೆಯೇ ಆಯಿತು. ನಿಜವಾದ ಕೆಲಸ ಮೂರು ದಿನದ್ದಿರಬಹುದು. ಉಳಿದ ಎಂಟು ದಿನ ಕೋಡ್ ರಿವ್ಯೂ (ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪುವುದು) ಸಾಲಿನಲ್ಲಿ ಕೊಳೆಯುತ್ತಿತ್ತು.

ಜಿರಾ ಬೋರ್ಡಿನ ರಿವ್ಯೂ ಕಾಲಮ್ಮಿನಲ್ಲಿ ಒಂದು ಸಲಕ್ಕೆ ಮೂರೇ ಟಿಕೆಟ್ ಎಂದು ಮಿತಿ ಹಾಕೋಣ ಎಂದೆ. ರಾದ್ಧಾಂತವೇ ಆಯಿತು. "ಮೂರು ತುಂಬಿದ ಮೇಲೆ ನಾವು ಕೈಕಟ್ಟಿ ಕೂರಬೇಕೇ?" ಎಂದು ಡೆವಲಪರುಗಳು. ಜನ ಖಾಲಿ ಕೂತರೆ ಕ್ಲೈಂಟಿಗೆ ಏನು ಹೇಳಲಿ ಎಂದು ಮ್ಯಾನೇಜರ್. ಮೊದಲ ಸಲ ಮೂರೇ ವಾರಕ್ಕೆ ಮುರಿದುಬಿತ್ತು. ಒಬ್ಬ ತನ್ನ ಟಿಕೆಟ್ಟುಗಳನ್ನು ರಿವ್ಯೂಗೆ ಕಳಿಸದೆ "ಡೆವಲಪ್‌ಮೆಂಟ್" ಕಾಲಮ್ಮಿನಲ್ಲೇ ಬಚ್ಚಿಡುತ್ತಿದ್ದ. ಎರಡನೆಯ ಸಲ ಅಲ್ಲಿಗೂ ಮಿತಿ ಹಾಕಿದೆವು, ಬೆಳಿಗ್ಗೆ ಸ್ಟ್ಯಾಂಡಪ್ ಮುಗಿದ ಕೂಡಲೇ ಇಬ್ಬರು ಅರ್ಧ ಗಂಟೆ ಹಳೆಯ ರಿವ್ಯೂ ಮುಗಿಸಿಯೇ ಏಳುವುದು ಎಂದು ಮಾಡಿಕೊಂಡೆವು. ಕಚ್ಚಿಕೊಂಡಿತು. ಆರೇಳು ತಿಂಗಳಲ್ಲಿ ಅರೆಬರೆ ಕೆಲಸ ಹನ್ನೆರಡಕ್ಕೆ ಇಳಿಯಿತು. ಮುಗಿಯುತ್ತಿದ್ದದ್ದು ಮೊದಲಿನಂತೆ ದಿನಕ್ಕೆ ಎರಡೇ, ಆದರೆ ಒಂದೊಂದೂ ಆರು ದಿನಕ್ಕೆ ಹೊರಗೆ ಬೀಳುತ್ತಿತ್ತು. ಜನ ಖಾಲಿ ಕೂರಲಿಲ್ಲ ಎಂಬುದನ್ನು ಮ್ಯಾನೇಜರ್ ಎಂದೂ ಬಾಯಿಬಿಟ್ಟು ಒಪ್ಪಲಿಲ್ಲ.

ಈ ಹುಮ್ಮಸ್ಸಿನಲ್ಲೇ ಸರ್ಟಿಫಿಕೇಟಿನ ಸುದ್ದಿ ಮತ್ತೆ ತೆಗೆದೆ. ಈ ಸಲ ಪಿಎಸ್‌ಎಂ-1 (ಪ್ರೊಫೆಷನಲ್ ಸ್ಕ್ರಮ್ ಮಾಸ್ಟರ್). ಕೋರ್ಸು ಕಡ್ಡಾಯವಿಲ್ಲ, ನವೀಕರಣವಿಲ್ಲ, ಆಗ 150 ಡಾಲರ್ (ಈಗ 200). 80 ಪ್ರಶ್ನೆ, ಒಂದು ಗಂಟೆ, ಶೇಕಡ 85 ಬರಬೇಕು, ಅಂದರೆ 68 ಸರಿ. ಸಿಎಸ್‌ಎಂ ಮಾಡಿದವನಿಗೆ ಇದೇನು ಮಹಾ ಎಂದು ಎರಡು ಸಂಜೆ ಓದಿ ಕೂತೆ. 66 ಬಂತು. ಎರಡು ಪ್ರಶ್ನೆಗೆ ಹನ್ನೊಂದು ಸಾವಿರ ರೂಪಾಯಿ ನೀರಿಗೆ ಹೋಯಿತು. ಒಂದು ಪಾಸ್‌ವರ್ಡಿಗೆ ಒಂದೇ ಅವಕಾಶ. ನಲವತ್ತನೆಯ ನಿಮಿಷಕ್ಕೆ ಕರೆಂಟು ಹೋಗಿ, ಇನ್ವರ್ಟರಿನಲ್ಲಿ ರೂಟರ್ ಏಳುವ ಹೊತ್ತಿಗೆ ನಾಲ್ಕು ನಿಮಿಷ ಕಳೆದಿತ್ತು. ಗಡಿಯಾರ ನಮಗಾಗಿ ನಿಲ್ಲುವುದಿಲ್ಲ.

ಕರೆಂಟಿನ ಮೇಲೆ ಹಾಕುವುದು ಸುಲಭ. ನಿಜವಾಗಿ ಕೈಕೊಟ್ಟದ್ದು ಹಳೆಯ ಓದು. 2020ರ ನವೆಂಬರಿನಲ್ಲಿ ಸ್ಕ್ರಮ್ ಗೈಡ್, ಅಂದರೆ ಸ್ಕ್ರಮ್ಮಿನ ನಿಯಮದ ಪುಸ್ತಿಕೆ, ಬದಲಾಗಿತ್ತು. ಡೆವಲಪ್‌ಮೆಂಟ್ ಟೀಮ್ ಎಂಬ ಪದ ಹೋಗಿ ಡೆವಲಪರ್ಸ್ ಬಂದಿತ್ತು, ಡೈಲಿ ಸ್ಕ್ರಮ್ಮಿನ (ಸ್ಟ್ಯಾಂಡಪ್ಪಿನ) ನಿನ್ನೆ ಏನು ಮಾಡಿದೆ, ಇವತ್ತು ಏನು, ಅಡ್ಡಿಯೇನು ಎಂಬ ಆ ಮೂರು ಪ್ರಶ್ನೆಗಳನ್ನು ಕಿತ್ತುಹಾಕಿದ್ದರು, ಪ್ರಾಡಕ್ಟ್ ಗೋಲ್ (ಉತ್ಪನ್ನದ ದೂರದ ಗುರಿ) ಹೊಸದಾಗಿ ಸೇರಿತ್ತು. ನಾನು ಕಚೇರಿಯಲ್ಲಿ ನಡೆಯುವುದನ್ನೇ ಸ್ಕ್ರಮ್ ಎಂದು ತಿಳಿದು ಉತ್ತರಿಸಿದ್ದೆ. ಉದಾಹರಣೆಗೆ ಸ್ಪ್ರಿಂಟನ್ನು ರದ್ದು ಮಾಡುವ ಅಧಿಕಾರ ಯಾರಿಗೆ? ನಮ್ಮಲ್ಲಿ ಅದು ಡೆಲಿವರಿ ಮ್ಯಾನೇಜರಿಗೆ. ಗೈಡಿನಲ್ಲಿ ಆ ಹುದ್ದೆಯೇ ಇಲ್ಲ; ಅಧಿಕಾರ ಪ್ರಾಡಕ್ಟ್ ಓನರಿಗೆ ಮಾತ್ರ, ಅಂದರೆ ಯಾವ ಕೆಲಸ ಮೊದಲು ಎಂದು ತೀರ್ಮಾನಿಸುವವರಿಗೆ. ಎರಡನೆಯ ಸಲ ಹದಿಮೂರು ಪುಟದ ಆ ಗೈಡನ್ನು ಮೂರು ವಾರ, ದಿನಕ್ಕೊಮ್ಮೆ, ಕಚೇರಿ ನೆನಪಾದಾಗಲೆಲ್ಲ ನನ್ನನ್ನೇ ಗದರಿಸಿಕೊಂಡು ಓದಿದೆ. 74 ಬಂತು. ಉಪಯೋಗಕ್ಕೆ ಬಂದ ಹನ್ನೊಂದು ಸಾವಿರ ಇದೇ.

ನಡುವೆ ಒಂದು ಉಪಕಥೆ. ಭಾವನದು ಆಫ್‌ಸೆಟ್ ಪ್ರೆಸ್ಸು. ಗದಗಿನಲ್ಲಿ ಮುದ್ರಣದ ಕೆಲಸಕ್ಕೆ ಬರವಿಲ್ಲ, ಪೈಪೋಟಿಗೂ ಬರವಿಲ್ಲ. 2022ರ ಮದುವೆ ಸೀಸನ್ನಿನಲ್ಲಿ ಲಗ್ನಪತ್ರಿಕೆ ತಡವಾಯಿತೆಂದು ದಿನಾ ಜಗಳ. ಭಾವ ಸಾಲ ಮಾಡಿ ಹಳೆಯ ಇನ್ನೊಂದು ಯಂತ್ರ ತರುವ ಯೋಚನೆಯಲ್ಲಿದ್ದರು. "ಒಂದು ವಾರ ತಡೆಯಿರಿ ಭಾವ" ಎಂದು ಗೋಡೆಗೆ ಸಾಲಾಗಿ ಮೊಳೆ ಹೊಡೆಸಿದೆ: ಕಂಪೋಸ್, ಪ್ರೂಫ್, ಪ್ಲೇಟ್, ಮುದ್ರಣ, ಮಡಿಕೆ. ಒಂದೊಂದು ಆರ್ಡರಿನ ಲಕೋಟೆಯನ್ನು ಅದರ ಮೊಳೆಗೆ ತೂಗುಹಾಕುವುದು. ಎರಡನೇ ದಿನಕ್ಕೇ ಪ್ರೂಫ್ ಮೊಳೆ ಲಕೋಟೆಗಳ ಭಾರಕ್ಕೆ ಕಿತ್ತು ಬಂತು. ಯಂತ್ರ ಮಧ್ಯಾಹ್ನದ ಮೇಲೆ ಸುಮ್ಮನೆ ನಿಂತಿರುತ್ತಿತ್ತು! ಪ್ರೂಫು ಗಿರಾಕಿಯ ಮನೆಯಲ್ಲಿ ನಾಲ್ಕು ದಿನ ಇರುತ್ತಿತ್ತು. ಹುಡುಗನ ಸೋದರಮಾವನ ಹೆಸರು ಚಿಕ್ಕಪ್ಪನ ಹೆಸರಿಗಿಂತ ಮೇಲೆ ಬರಬೇಕೋ ಕೆಳಗೆ ಬರಬೇಕೋ ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು. ಎಂಟಕ್ಕಿಂತ ಹೆಚ್ಚು ಪ್ರೂಫು ಹೊರಗಿದ್ದರೆ ಹೊಸದನ್ನು ಕಂಪೋಸ್ ಮಾಡುವಂತಿಲ್ಲ, ಕಂಪೋಸಿನ ಹುಡುಗ ಕೂತು ಗಿರಾಕಿಗಳಿಗೆ ಫೋನು ಮಾಡಬೇಕು ಎಂದು ಮಾಡಿದೆವು. ಹಿಂದೆ ಎಂಟು ಹತ್ತು ದಿನ ಹಿಡಿಯುತ್ತಿದ್ದ ಪತ್ರಿಕೆ ಐದು ದಿನಕ್ಕೆ ಕೈಗೆ ಸಿಕ್ಕಿತು. ಯಂತ್ರ ತರಲಿಲ್ಲ.

"ಇದೆಲ್ಲ ನಿನ್ನ ಸರ್ಟಿಫಿಕೇಟಿನಲ್ಲಿ ಹೇಳಿಕೊಟ್ಟರೇನು?" ಎಂದರು ಭಾವ. ಇಲ್ಲ ಎಂದೆ. "ಮತ್ತೆ ಅಷ್ಟು ದುಡ್ಡು ಏತಕ್ಕೆ ಸುರಿದೆ?" ಮುಂದಿನ ಸೀಸನ್ನಿಗೆ ಹೋದಾಗ ಆ ಮೊಳೆಗಳಲ್ಲಿ ಕ್ಯಾಲೆಂಡರುಗಳು ತೂಗುತ್ತಿದ್ದವು ಎಂಬುದನ್ನೂ ಹೇಳಿಬಿಡುತ್ತೇನೆ.

ಹತ್ತನೆಯ ಸಂದರ್ಶನಕ್ಕೆ ಹೋದದ್ದು 2022ರ ಮಧ್ಯದಲ್ಲಿ. ರೆಸ್ಯೂಮಿನಲ್ಲಿ ಪಿಎಸ್‌ಎಂ-1 ಮೇಲೆ, ಸಿಎಸ್‌ಎಂ ಮುಂದೆ "2016-18" ಎಂದು ಪ್ರಾಮಾಣಿಕವಾಗಿ ಬರೆದಿದ್ದೆ. ಜೊತೆಗೆ ಹಾಳೆಯಿಂದ ತೆಗೆದ ಒಂದೇ ಪುಟದ ಚಿತ್ರ: ಹದಿನಾಲ್ಕು ತಿಂಗಳು, ಐನೂರಕ್ಕೂ ಹೆಚ್ಚು ಚುಕ್ಕಿ, ಒಂದೊಂದು ಚುಕ್ಕಿಯೂ ಒಂದು ಟಿಕೆಟ್ ಮುಗಿಯಲು ಹಿಡಿದ ದಿನಗಳ ಲೆಕ್ಕ. ಎಡಗಡೆ ಚುಕ್ಕಿಗಳು ಮೇಲೆ ಚೆಲ್ಲಾಪಿಲ್ಲಿ, ಬಲಕ್ಕೆ ಹೋದಂತೆ ಕೆಳಗೆ ಒತ್ತೊತ್ತಾಗಿ. ಕ್ಲೈಂಟಿನ ಹೆಸರು, ಟಿಕೆಟಿನ ವಿವರ ಒಂದೂ ಇರಲಿಲ್ಲ. ಇದನ್ನು ಮರೆಯಬೇಡಿ, ಕೆಲಸ ಹೋದೀತು. ಸಂದರ್ಶಕರು ಸರ್ಟಿಫಿಕೇಟಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಡುವೆ ಒಂಟಿಯಾಗಿ ಮೇಲೆ ನಿಂತಿದ್ದ ಒಂದು ಚುಕ್ಕಿಯ ಮೇಲೆ ಬೆರಳಿಟ್ಟು "ಇದೇನು, 47 ದಿನ?" ಎಂದರು. ಆ ಕಥೆಯನ್ನು ಹೇಳುವುದರಲ್ಲೇ ನಲವತ್ತು ನಿಮಿಷ ಹೋಯಿತು. ಕೊನೆಗೆ ನಾನು ಅವರಿಗೆ ಒಂದು ಪ್ರಶ್ನೆ ಕೇಳಿದೆ. ಅದು ಯಾವುದೆಂದು ಹೇಳಲಾರೆ, ಇನ್ನೂ ಉಪಯೋಗಕ್ಕೆ ಬರುತ್ತದೆ. ಸಂಬಳ ಮೂರನೆಯ ಒಂದು ಭಾಗ ಏರಿತು.

ಹಾಗಾದರೆ ಸರ್ಟಿಫಿಕೇಟು ಬೇಡವೇ ಎಂದರೆ, ಒಂದು ಬೇಕು. ಅಗ್ಗದ್ದು, ನವೀಕರಣವಿಲ್ಲದ್ದು. ಸೇವಾ ಕಂಪನಿಯಲ್ಲಿದ್ದು ಕ್ಲೈಂಟ್ ತಲೆ ಎಣಿಸುವವರಾದರೆ ಅವರು ಕೇಳಿದ್ದನ್ನು ಮಾಡಿಕೊಳ್ಳಿ, ಆದರೆ ಕಂಪನಿಯ ದುಡ್ಡಿನಲ್ಲಿ, ಬಿಲ್ಲು ಕಂಪನಿಯ ಹೆಸರಿಗೆ. ಇನ್ನು ಸ್ಕ್ರಮ್ ಮಾಸ್ಟರ್ ಎಂಬ ಹುದ್ದೆಯೇ ಎಷ್ಟು ದಿನವೋ ಎಂಬ ಭಯ ನನಗೂ ಇದೆ. 2023ರ ಜನವರಿಯಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕು ಅಜೈಲ್ ಹುದ್ದೆಗಳನ್ನೇ (ಸ್ಕ್ರಮ್ ಮಾಸ್ಟರಿನಂಥವು) ತೆಗೆದುಹಾಕಿದಾಗ ಸಾವಿರದ ನೂರಕ್ಕೂ ಹೆಚ್ಚು ಜನ ಹೊರಬಿದ್ದರು. ಅವರಲ್ಲಿ ಸರ್ಟಿಫಿಕೇಟು ಇಲ್ಲದವರು ಇದ್ದರೇ ಎಂಬುದು ನನ್ನ ಅನುಮಾನ. ನಾನಂತೂ ಹಾಳೆ ತುಂಬುವುದನ್ನು ಬಿಟ್ಟಿಲ್ಲ.

ಈಗಿನ ಕಂಪನಿಯವರೇ ಒತ್ತಾಯಿಸಿದರೆಂದು ಮೊನ್ನೆ ಪಿಎಸ್‌ಎಂ-2 ಬರೆದೆ. 30 ಪ್ರಶ್ನೆ, ಒಂದೂವರೆ ಗಂಟೆ, 250 ಡಾಲರ್. ಕೂದಲೆಳೆಯಲ್ಲಿ ಪಾಸಾದೆ. ಈ ಸಲ ಬಿಲ್ಲು ಕಂಪನಿಯ ಹೆಸರಿಗೇ ಇದೆ. ಕ್ಲೇಮು ಅನುಮೋದನೆಯ ಸಾಲಿನಲ್ಲಿದೆ, ಇವತ್ತಿಗೆ ಹತ್ತೊಂಬತ್ತು ದಿನ. ಅದಕ್ಕೂ ಹಾಳೆಯಲ್ಲಿ ಒಂದು ಸಾಲು ಹಾಕಿಕೊಂಡಿದ್ದೇನೆ.