ಸೊನ್ನೆಯ ಹೊಟ್ಟೆ ಉದುರದ ಹಾಗೆ: ಒಂದು ಸಿನಿಮಾದ ಪಬ್ಲಿಸಿಟಿ ಡಿಸೈನ್ ಕತೆ

ನಿರ್ಮಾಪಕರಿಂದ ಫೋನ್ ಬಂದಾಗ ಶೂಟಿಂಗ್ ಮುಕ್ಕಾಲು ಮುಗಿದಿತ್ತು. ಫಿಲ್ಮ್ ಚೇಂಬರ್‌ನಲ್ಲಿ ಟೈಟಲ್ ರಿಜಿಸ್ಟರ್ ಆಗಿತ್ತು. ಮುಹೂರ್ತದ ದಿನಕ್ಕೆ ಯಾರೋ ಅವಸರದಲ್ಲಿ ಮಾಡಿಕೊಟ್ಟ ಒಂದು ಪೋಸ್ಟರ್ ಕೂಡ ಇತ್ತು. "ಫಸ್ಟ್ ಲುಕ್ ಹಬ್ಬಕ್ಕೆ ಬಿಡ್ಬೇಕು. ಒಂದು ಒಳ್ಳೇ ಡಿಸೈನ್ ಮಾಡಿಕೊಡಿ ಸರ್" ಅಂದರು.

ಆ 'ಒಂದು' ಯಾವತ್ತೂ ಒಂದಾಗಿ ಉಳಿಯುವುದಿಲ್ಲ ಅಂತ ಗಾಂಧಿನಗರದಲ್ಲಿ ಕೆಲಸ ಮಾಡಿದ ಯಾರಿಗಾದರೂ ಗೊತ್ತು. ಅವತ್ತೇ ರಾತ್ರಿ ಪೇಪರ್ ಹಿಡಿದು ಬರೆದುಕೊಂಡೆ. ಫಸ್ಟ್ ಲುಕ್, ಮೋಷನ್ ಪೋಸ್ಟರ್, ಟೀಸರ್, ನಾಲ್ಕು ಲಿರಿಕಲ್ ವಿಡಿಯೋ, ಟ್ರೇಲರ್, ವಾಲ್ ಪೋಸ್ಟರ್, ಪೇಪರ್ ಆ್ಯಡ್, ಸ್ಟ್ಯಾಂಡಿ, ಟಿಕೆಟ್ ಆ್ಯಪ್‌ನ ಚಿತ್ರ, ಹಬ್ಬದ ಶುಭಾಶಯ, ಕಲಾವಿದರ ಬರ್ತ್‌ಡೇ, 'ಎರಡನೇ ವಾರ'. ಎಣಿಸಿದರೆ 61 ಆಯ್ತು. ಎಲ್ಲವನ್ನೂ ನಾನೇ ಮಾಡುವುದಿಲ್ಲ ಅನ್ನುವುದು ಇನ್ನೂ ದೊಡ್ಡ ತಲೆನೋವು. ಮೋಷನ್ ಪೋಸ್ಟರ್ ಒಂದು ಸ್ಟುಡಿಯೋದ್ದು, ಲಿರಿಕಲ್ ಆಡಿಯೋ ಕಂಪನಿ ಹುಡುಗರದ್ದು, ಪೇಪರ್ ಆ್ಯಡ್ ಏಜೆನ್ಸಿಯದ್ದು, ಸೋಷಿಯಲ್ ಮೀಡಿಯಾ ಇನ್ನೊಂದು ಟೀಮಿನದ್ದು. ಇಷ್ಟು ಕೈ ಸೇರಿದ ಮೇಲೂ ನೋಡುವವರಿಗೆ 'ಓ, ಇದು ಆ ಸಿನಿಮಾ' ಅನ್ನಿಸಬೇಕು. ನನ್ನ ಕೆಲಸ ಅದು.

ಸಿನಿಮಾದ ಹೆಸರು ಇಲ್ಲಿ ಹೇಳುವುದಿಲ್ಲ. ಕೆಲವರ ತಪ್ಪುಗಳ ವಿಷಯವೂ ಬರುತ್ತದೆ, ನನ್ನದೂ ಸೇರಿ. ಐದು ಅಕ್ಷರದ ಹೆಸರು, ಅದರಲ್ಲಿ ಒಂದು ಸೊನ್ನೆ, ಎರಡು ಒತ್ತು ಅಂತ ಗೊತ್ತಿದ್ದರೆ ಸಾಕು. ಕತೆ ನಡೆಯುವುದು ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಸ್ಟಿಲ್ಸ್ ತರಿಸಿಕೊಂಡೆ, ನಾಯಕನ ಮುಖ ದೊಡ್ಡದಾಗಿ ಇಟ್ಟೆ, ಹಿಂದೆ ಕೆಂಪು ಧೂಳು ಹಾರಿಸಿದೆ, ಟೈಟಲ್‌ಗೆ ಬಂಗಾರದ ಮೆರುಗು ಕೊಟ್ಟೆ. ಮೂರು ಡಿಸೈನ್ ಕಳಿಸಿದೆ. ಮೂರೂ ಚೆನ್ನಾಗಿದ್ದವು. ಆದರೆ ಟೈಟಲ್ ತೆಗೆದು ಬೇರೆ ಯಾವ ಸಿನಿಮಾದ ಹೆಸರು ಹಾಕಿದರೂ ನಡೆಯುವ ಹಾಗಿದ್ದವು. ನಿರ್ದೇಶಕರು ನೋಡಿ, "ಅಣ್ಣಾ, ನೀವು ಮಾರ್ಕೆಟ್ ನೋಡಿದ್ದೀರಾ?" ಅಂತ ಕೇಳಿದರು. ನೋಡಿರಲಿಲ್ಲ. ರಾತ್ರಿ ಬಸ್ಸಿಗೆ ಹೊರಟೆ.

ಬ್ಯಾಡಗಿಗೆ ಸೀಸನ್‌ನಲ್ಲಿ ಹೋದರೆ ಮೊದಲು ಸೀನು ಬರುತ್ತದೆ, ಆಮೇಲೆ ಊರು ಕಾಣುತ್ತದೆ. ಕಣ್ಣು ಹಾಯುವ ಕಡೆಗೆಲ್ಲ ಗೋಣಿಚೀಲ, ರಾಶಿ, ತೊಟ್ಟು ಬಿಡಿಸುತ್ತಾ ಕೂತ ಹೆಂಗಸರು. ಆ ಕೆಂಪು ನಾನು ಪೋಸ್ಟರ್‌ನಲ್ಲಿ ಹಾಕಿದ್ದ ಬೆಂಕಿ ಕೆಂಪು ಅಲ್ಲವೇ ಅಲ್ಲ. ಒಣಗಿ ಸುಕ್ಕಾದ, ಒಳಗೆ ಸ್ವಲ್ಪ ಕಪ್ಪು ಇಟ್ಟುಕೊಂಡ ಕೆಂಪು. ಖಾರ ಕಡಿಮೆ, ಬಣ್ಣ ಜಾಸ್ತಿ. ಈ ಬಣ್ಣಕ್ಕಾಗಿಯೇ ಕಾಯಿಯ ಸಾರ ತೆಗೆದು ಲಿಪ್‌ಸ್ಟಿಕ್, ನೇಲ್ ಪಾಲಿಶ್‌ಗೂ ಬಳಸುತ್ತಾರೆ. ಎರಡು ಕಾಯಿ ಜೇಬಿಗೆ ಹಾಕಿಕೊಂಡೆ. ಮುಂದಿನ ಏಳು ತಿಂಗಳು ಅವು ನನ್ನ ಮಾನಿಟರ್ ಪಕ್ಕದಲ್ಲೇ ಇದ್ದವು.

ನಿಜವಾದ ಲಾಭ ಸಿಕ್ಕಿದ್ದು ಒಂದು ಗೋಡೌನ್‌ನಲ್ಲಿ. ವಯಸ್ಸಾದ ಹಮಾಲರೊಬ್ಬರು ತಗಡಿನ ಅಚ್ಚು ಇಟ್ಟು ಚೀಲದ ಮೇಲೆ ಅಂಗಡಿಯ ಗುರುತು ಒತ್ತುತ್ತಿದ್ದರು. ಬಟ್ಟೆ ಸುತ್ತಿದ ಕೋಲು, ಡಬ್ಬಿಯಲ್ಲಿ ಕಪ್ಪು ಬಣ್ಣ, ಎರಡು ಸಲ ತಟ್ಟಿದರೆ ಹೆಸರು. ಅಚ್ಚಿನ ಕನ್ನಡ ಅಕ್ಷರಗಳನ್ನೇ ನೋಡುತ್ತಾ ನಿಂತೆ. ಸೊನ್ನೆ ಪೂರ್ತಿ ಇಲ್ಲ, ಎರಡು ಕಡೆ ತುಂಡಾಗಿದೆ.

"ಅಜ್ಜಾರ, ಸೊನ್ನೆ ಯಾಕೆ ಹಿಂಗೈತಿ?" ಅಂತ ಕೇಳಿದೆ.

"ಪೂರಾ ಕೊರದ್ರ ಅದರ ಹೊಟ್ಟಿ ಉದುರಿ ಬೀಳ್ತೈತ್ರೀ ಸರ" ಅಂದರು.

ಹೌದಲ್ವಾ! ತಗಡಿನಲ್ಲಿ ಉಂಗುರ ಕೊರೆದರೆ ಒಳಗಿನ ಬಿಲ್ಲೆಯನ್ನು ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಅದಕ್ಕೆ ಎರಡು ಕಡೆ ಸಣ್ಣ ಸೇತುವೆ ಬಿಡುತ್ತಾರೆ. ತಲಕಟ್ಟು ಬೇರೆ, ಅಕ್ಷರದ ಮೈ ಬೇರೆ. ಒತ್ತು ಮೇಲಿನ ಅಕ್ಷರಕ್ಕೆ ತಾಗಿದರೆ ತಗಡು ಹರಿಯುತ್ತದೆ, ಹಾಗಾಗಿ ಅದನ್ನೂ ಒಂದು ಗೆರೆ ಕೆಳಗೆ ಇಳಿಸುತ್ತಾರೆ. ಯಾವ ಡಿಸೈನರೂ ಕೂತು ಯೋಚಿಸಿದ್ದಲ್ಲ, ತಗಡೇ ಕೇಳಿ ಮಾಡಿಸಿಕೊಂಡದ್ದು. ನನ್ನ ಟೈಟಲ್ ಅಲ್ಲೇ ಸಿಕ್ಕಿತು. ವಾಪಸ್ ಬರುವ ಬಸ್ಸಿನಲ್ಲೇ ಟಿಕೆಟ್ ಹಿಂದೆ ಐದೂ ಅಕ್ಷರ ಗೀಚಿದೆ.

ಡಿಸೈನ್ ಓದಿದವರಿಗೆ ಅಮೆರಿಕದ ಗ್ರಾಫಿಕ್ ಡಿಸೈನರ್ ಸಾಲ್ ಬಾಸ್ ಗೊತ್ತಿರುತ್ತಾನೆ. 1955ರಲ್ಲಿ ಹಾಲಿವುಡ್ ಸಿನಿಮಾವೊಂದಕ್ಕೆ ಕಾಗದ ಕತ್ತರಿಸಿದ ಹಾಗಿರುವ ಸೊಟ್ಟ ಕೈಯೊಂದನ್ನು ಮಾಡಿ, ಅದನ್ನೇ ಪೋಸ್ಟರ್, ಆ್ಯಡ್, ಟೈಟಲ್ ಕಾರ್ಡ್ ಎಲ್ಲದರಲ್ಲೂ ಇಟ್ಟ. ನಮಗೆ ಪಾಠದಲ್ಲಿ ಬಂದಾಗ 'ಅವರಿಗೆ ಸ್ಟಾರ್ ಮುಖ ಹಾಕುವ ಒತ್ತಡ ಇರಲಿಲ್ಲ' ಅಂದುಕೊಂಡಿದ್ದೆ. ಅವನಿಗೂ ಇದ್ದೇ ಇತ್ತು, ಅದು ಆಮೇಲೆ ತಿಳಿಯಿತು.

ಕಂಪ್ಯೂಟರ್ ಮುಂದೆ ಕೂತಾಗ ಈ ಸಲ ಉಲ್ಟಾ ಕಡೆಯಿಂದ ಶುರು ಮಾಡಿದೆ. ಮೊದಲು ದೊಡ್ಡ ಪೋಸ್ಟರ್ ಮಾಡಿ ಆಮೇಲೆ ಚಿಕ್ಕದು ಮಾಡುವುದು ವಾಡಿಕೆ. ನಾನು ವಾಟ್ಸ್ಆ್ಯಪ್ ಡಿಪಿಯ ಗುಂಡು ಮತ್ತು ಪೇಪರ್‌ನ ಒಂದು ಕಾಲಂ ಆ್ಯಡ್, ಇವೆರಡರಲ್ಲಿ ಟೈಟಲ್ ಓದಲು ಬರುತ್ತಾ ಅಂತ ಮೊದಲು ನೋಡಿದೆ. ಬರಲಿಲ್ಲ. ಕನ್ನಡ ಟೈಟಲ್ ಅಂದರೆ ಎರಡು ಅಂತಸ್ತಿನ ಮನೆ, ಕೆಳಗಿನ ಅಂತಸ್ತಿನಲ್ಲಿ ಒತ್ತು ಇರುತ್ತದೆ. ಹೆಬ್ಬೆರಳ ಉಗುರಿನಷ್ಟು ಮಾಡಿದಾಗ ಒತ್ತು ಬರೀ ಚುಕ್ಕೆಯಾಯ್ತು, ಸೇತುವೆಗಳು ಮುಚ್ಚಿಕೊಂಡವು. ಕೊನೆಗೆ ಒಂದೇ ಟೈಟಲ್‌ಗೆ ಎರಡು ಕಟ್ಟಡ ಮಾಡಿದೆ. ದೊಡ್ಡದಕ್ಕೆ ತೆಳು ಸೇತುವೆ. ಚಿಕ್ಕದಕ್ಕೆ ಸೇತುವೆ ಎರಡು ಪಟ್ಟು ಅಗಲ, ಒತ್ತು ಮೇಲಿನ ಅಕ್ಷರದ ಮೂರರಲ್ಲಿ ಎರಡು ಭಾಗದಷ್ಟು ದೊಡ್ಡದು. ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಅಂತ ಗೊತ್ತಾಗುತ್ತದೆ. ಅವುಗಳ ಜಾಗದಲ್ಲಿ ನೋಡಿದರೆ ಯಾರಿಗೂ ಗೊತ್ತಾಗಲಿಲ್ಲ.

ಇನ್ನೊಂದು ಸಮಸ್ಯೆ ಬದಲಾಗುವ ಮಾತುಗಳದ್ದು. 'ನಾಳೆ ಬೆಳಗ್ಗೆ 10ಕ್ಕೆ', 'ಎರಡನೇ ಹಾಡು', 'ಹುಟ್ಟುಹಬ್ಬದ ಶುಭಾಶಯಗಳು'. ಸಾಮಾನ್ಯವಾಗಿ ಇವುಗಳಿಗೆ ಪ್ರತಿ ಸಲ ಹೊಸ ಫಾಂಟ್, ಹೊಸ ಜಾಗ. ಸಿನಿಮಾದ ಮುಖ ಕೆಡುವುದು ಇಲ್ಲೇ, ಅದರಲ್ಲೂ ಬರ್ತ್‌ಡೇ ಪೋಸ್ಟರ್‌ನಲ್ಲಿ. ನಾನು ಮಾರ್ಕೆಟ್‌ನ ಲಾಟ್ ನಂಬರಿನ ಚೀಟಿ ತಗೊಂಡೆ. ಹಳದಿ ಕಾಗದ, ಒಂದು ಮೂಲೆ ಮಡಚಿದ್ದು, ಯಾವಾಗಲೂ ಬಲಗಡೆ ಮೇಲೆ. ಬದಲಾಗುವ ಮಾತು ಏನೇ ಇದ್ದರೂ ಆ ಚೀಟಿಯೊಳಗೆ ಮಾತ್ರ. ಬಲಗಡೆ ಕೆಳಗೆ ಯಾಕಲ್ಲ ಅಂದರೆ ಯೂಟ್ಯೂಬ್ ಥಂಬ್‌ನೇಲ್‌ನ ಆ ಮೂಲೆಯಲ್ಲಿ ವಿಡಿಯೋದ ಅವಧಿ ಬಂದು ಕೂರುತ್ತದೆ. ಗೋಡೆಯಲ್ಲೂ ಪೋಸ್ಟರ್‌ನ ಕೆಳಭಾಗವೇ ಮೊದಲು ಹೋಗುವುದು. ರಾತ್ರಿ ನಾವು ಅಂಟಿಸಿದ್ದರ ಮೇಲೆ ಬೆಳಗಾಗುವುದರೊಳಗೆ ಇನ್ನೊಬ್ಬರು ಮೈದಾ ಬಳಿದಿರುತ್ತಾರೆ. ಸೆನ್ಸಾರ್ ಆಗಿ 'ಯುಎ 13+' ಬಂದಾಗ ಅದೂ ಚೀಟಿಯಲ್ಲೇ ಕೂತಿತು.

ಫೋಟೋ ವಿಷಯಕ್ಕೆ ಮಾತ್ರ ಜಗಳ ಆಡಬೇಕಾಯ್ತು. ಸೆಟ್‌ನಲ್ಲಿ ತೆಗೆದ ಸ್ಟಿಲ್ಸ್ ಒಂದೊಂದೂ ಒಂದೊಂದು ಬೆಳಕಿನಲ್ಲಿ ಇದ್ದವು. ಅವನ್ನು ಕತ್ತರಿಸಿ ಒಂದೇ ಪೋಸ್ಟರ್‌ನಲ್ಲಿ ಇಟ್ಟರೆ ಬೇರೆ ಬೇರೆ ಮದುವೆಗೆ ಬಂದವರನ್ನು ಒಂದೇ ಗ್ರೂಪ್ ಫೋಟೋಗೆ ನಿಲ್ಲಿಸಿದ ಹಾಗೆ. ಅರ್ಧ ದಿನ ಬೇರೆ ಶೂಟ್ ಬೇಕು ಅಂದೆ. "ಸ್ಟಿಲ್ಸ್ ನಾಲ್ಕು ಸಾವಿರ ಇದೆ, ಮತ್ತೆ ಯಾಕೆ?" ಅಂತ ನಿರ್ಮಾಪಕರು. ಮಾತಾಡುವುದು ಬಿಟ್ಟು, ಆ ನಾಲ್ಕು ಸಾವಿರದಲ್ಲೇ ಆರು ಮುಖ ಆರಿಸಿ ಜೋಡಿಸಿ ತೋರಿಸಿದೆ. ಶೂಟ್ ಸಿಕ್ಕಿತು. ಹಿಂದೆ ಗೋಣಿಬಟ್ಟೆ, ಎಡಗಡೆ ಒಂದು ಕಿಟಕಿ, ಬೇರೆ ಲೈಟ್ ಇಲ್ಲ. ಆರೂ ಜನರನ್ನು ಒಂದೇ ಕುರ್ಚಿಯಲ್ಲಿ ಕೂರಿಸಿದೆವು. ಇಡೀ ಪ್ರಚಾರದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಆ ಅರ್ಧ ದಿನ.

ಇನ್ನು ತಪ್ಪುಗಳು. ಮೊದಲ ಪೇಪರ್ ಆ್ಯಡ್ ಬಂದ ದಿನ ಬೆಳಗ್ಗೆ ನನ್ನ ಹೆಂಡತಿ ಪೇಪರ್ ತಂದು, "ಇದೇನ್ರೀ, ತುಕ್ಕು ಹಿಡಿದಿದೆ" ಅಂದಳು. ನಿಜ. ನನ್ನ ಮೆಣಸಿನಕಾಯಿ ಕೆಂಪು ಒಣಗಿದ ಸಗಣಿಯ ಬಣ್ಣಕ್ಕೆ ಬಂದಿತ್ತು. ತಪ್ಪು ನನ್ನದೇ. ಕೆಂಪಿಗೆ ಆಳ ಬರಲಿ ಅಂತ ಸಯಾನ್ (ಅಚ್ಚಿನ ನೀಲಿ ಇಂಕು) ಮತ್ತು ಕಪ್ಪು ಸೇರಿಸಿದ್ದೆ. ಆರ್ಟ್ ಪೇಪರ್‌ನಲ್ಲಿ ಅದು ಚೆಂದ ಕಾಣುತ್ತದೆ. ನ್ಯೂಸ್‌ಪ್ರಿಂಟ್ ಇಂಕನ್ನು ಹೀರಿಕೊಂಡು ಹರಡುತ್ತದೆ. ಮೇಲಾಗಿ ಆ ಕಾಗದವೇ ಬೂದು. ಅದರಲ್ಲಿ ಕಪ್ಪು, ಸಯಾನ್ ಎರಡೂ ಉಬ್ಬಿ ಕೆಂಪನ್ನು ನುಂಗಿಬಿಟ್ಟಿದ್ದವು. ಅವತ್ತಿನಿಂದ ಪೇಪರ್‌ಗೆ ಬೇರೆ ಕೆಂಪು ಮಾಡಿದೆ. ಮಜೆಂಟಾ (ಗಾಢ ಗುಲಾಬಿ ಇಂಕು) ಮತ್ತು ಹಳದಿ ಮಾತ್ರ, ಕಪ್ಪು ಇಲ್ಲವೇ ಇಲ್ಲ. ಸ್ಕ್ರೀನ್‌ನಲ್ಲಿ ಅದು ಟೊಮೆಟೊ ಹಾಗೆ ಕಾಣುತ್ತಿತ್ತು. ಪೇಪರ್‌ನಲ್ಲಿ ಅಚ್ಚಾದಾಗ ಮಾನಿಟರ್ ಪಕ್ಕದ ಕಾಯಿಗೆ ಹತ್ತಿರ ಬಂತು. ಬಣ್ಣದ ನಂಬರ್ ಎಲ್ಲ ಕಡೆ ಒಂದೇ ಇದ್ದರೆ ಬಣ್ಣವೂ ಒಂದೇ ಇರುತ್ತದೆ ಅಂತ ಅಷ್ಟು ವರ್ಷ ನಂಬಿದ್ದೆ ನೋಡಿ!

ಕಪ್ಪು ಬಿಳುಪಿನ ಆ್ಯಡ್‌ನಲ್ಲಿ ಕೆಂಪೂ ಕಪ್ಪೂ ಒಂದೇ ಆಗಿಬಿಡುತ್ತವೆ. ಅಲ್ಲಿ ಗೋಣಿಯ ಬಣ್ಣವನ್ನೂ ಕಿತ್ತು ಹಾಕಿ ಪೇಪರ್‌ನ ಬೂದು ಬಣ್ಣವನ್ನೇ ಗೋಣಿ ಅಂದುಕೊಂಡೆ. ಟೈಟಲ್ ಪೂರ್ತಿ ಕಪ್ಪು. ನಿಜವಾದ ಚೀಲದ ಮೇಲೆ ಇರುವುದೂ ಹಾಗೆಯೇ ತಾನೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಆ್ಯಡ್.

ಮೋಷನ್ ಪೋಸ್ಟರ್ ಮಾಡಿದ ಸ್ಟುಡಿಯೋ ಟೈಟಲ್‌ಗೆ ಕಿಡಿ ಹಾರಿಸಿತು, ಅಂಚಿಗೆ ಹೊಳಪು ಕೊಟ್ಟಿತು. ಸೇತುವೆಗಳನ್ನು 'ಕರಪ್ಟ್ ಆಗಿದೆ' ಅಂದುಕೊಂಡು ಒಬ್ಬ ಹುಡುಗ ಪಾಪ ತುಂಬಾ ಶ್ರದ್ಧೆಯಿಂದ ಮುಚ್ಚಿದ್ದ. ಬೈಯಬೇಕು ಅನ್ನಿಸಿತು. ಆದರೆ ಅವನಿಗೆ ಯಾರೂ ಹೇಳಿರಲಿಲ್ಲ. ಅವನಿಗೆ ಸಿಕ್ಕಿದ್ದು ವಾಟ್ಸ್ಆ್ಯಪ್‌ನಲ್ಲಿ ಬಂದ, ಹಿಂಡಿ ಚಿಕ್ಕದಾದ ಒಂದು ಜೆಪೆಗ್. ಆಡಿಯೋ ಕಂಪನಿಯ ಹುಡುಗರು ಇನ್ನೂ ಒಂದು ಹೆಜ್ಜೆ ಮುಂದೆ. ಮುಹೂರ್ತದ ಹಳೇ ಪೋಸ್ಟರ್‌ನಿಂದ ಸ್ಕ್ರೀನ್‌ಶಾಟ್ ತೆಗೆದು ಟೈಟಲ್ ಕತ್ತರಿಸಿಕೊಂಡಿದ್ದರು.

ಅದಕ್ಕೆ ಎಲ್ಲರಿಗೂ ಒಂದು ಡ್ರೈವ್ ಫೋಲ್ಡರ್ ಮಾಡಿದೆ. ಮೊದಲು ಇಪ್ಪತ್ತು ಪುಟದ ಗೈಡ್‌ಲೈನ್ ಬರೆದಿದ್ದೆ. ಯಾರೂ ತೆರೆದು ನೋಡಲಿಲ್ಲ. ಅದನ್ನು ತೆಗೆದು ಫೈಲ್‌ಗಳ ಹೆಸರು ಬದಲಿಸಿದೆ. 'ಟೈಟಲ್ ಫೈನಲ್ ಸಿಎಂವೈಕೆ 3' ಅನ್ನುವ ಬದಲು 'ಪೇಪರ್‌ಗೆ', 'ಗೋಡೆಗೆ', 'ಯೂಟ್ಯೂಬ್‌ಗೆ', 'ಡಿಪಿಗೆ'. ಚೀಟಿಯ ಫೈಲ್ ಬೇರೆ, ಅದರಲ್ಲಿ ಮಾತು ಬದಲಿಸಲು ಮಾತ್ರ ಬರುವ ಹಾಗೆ ಉಳಿದ ಲೇಯರ್‌ಗಳನ್ನು ಲಾಕ್ ಮಾಡಿದೆ. ಜೊತೆಗೆ ಒಂದೇ ಒಂದು ಚಿತ್ರ: ಕಿಡಿ ಹಾಕಿದ ಟೈಟಲ್, ಅದರ ಮೇಲೆ ದೊಡ್ಡ ಇಂಟು ಮಾರ್ಕು. ಫೋನ್ ಕರೆಗಳು ಅರ್ಧಕ್ಕೆ ಇಳಿದವು.

ಕನ್ನಡ ಅಕ್ಷರದ ಗೋಳು ಬೇರೆ. ಕಲಾವಿದರ ಹೆಸರುಗಳನ್ನು ನಾನು 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ, ಅದರದೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದ ಫೈಲನ್ನು ಪ್ರಿಂಟರ್ ತನ್ನ ಕಂಪ್ಯೂಟರ್‌ನಲ್ಲಿ ತೆರೆದ. ಅಲ್ಲಿ ಆ ಫಾಂಟ್ ಇರಲಿಲ್ಲ. ಇಡೀ ಸಾಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದು ಕಣ್ಣಿಗೆ ಬಿತ್ತು, ಬಚಾವಾದೆವು. ಕಣ್ಣಿಗೆ ಬೀಳದ್ದು ಯುನಿಕೋಡ್‌ನಲ್ಲಿ ಆಯ್ತು. ಫೋಟೋಶಾಪ್‌ನಲ್ಲಿ ಸರಿಯಾದ ಕಂಪೋಸರ್ (ಅಕ್ಷರ ಜೋಡಿಸುವ ಸೆಟ್ಟಿಂಗ್) ಆರಿಸದೇ ಇದ್ದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಕೂರುತ್ತದೆ. ಪೋಷಕ ನಟರೊಬ್ಬರ ಹೆಸರು ಹಾಗೆ ಒಡೆದು ವಾಲ್ ಪೋಸ್ಟರ್‌ನಲ್ಲಿ ಅಚ್ಚಾಗಿಯೇ ಹೋಯಿತು. ಅವರು ನಗುತ್ತಲೇ ಫೋನ್ ಮಾಡಿದರು, ನನಗೆ ಮಾತ್ರ ನಗು ಬರಲಿಲ್ಲ. ಆಮೇಲೆ ಅಕ್ಷರವನ್ನೆಲ್ಲ ಔಟ್‌ಲೈನ್ ಮಾಡದೆ, ಅಂದರೆ ಫಾಂಟ್ ಬೇಕಿಲ್ಲದ ಚಿತ್ರವಾಗಿ ಬದಲಿಸದೆ, ಒಂದೇ ಒಂದು ಫೈಲೂ ಹೊರಗೆ ಕಳಿಸಿಲ್ಲ. ದೊಡ್ಡ ವಾಲ್ ಪೋಸ್ಟರ್ ಹಾಳೆಗಳನ್ನು ಜೋಡಿಸಿ ಅಂಟಿಸುವಂಥದ್ದು ಅಲ್ವಾ, ಜೋಡಣೆ ಗೆರೆ ಟೈಟಲ್ ಮೇಲೆ ಹಾಯದ ಹಾಗೆ ನೋಡಿಕೊಳ್ಳುವುದನ್ನೂ ಅದೇ ವಾರ ಕಲಿತೆ. ಅಂಟಿಸುವವರ ಕೈ ಅರ್ಧ ಇಂಚು ಜಾರಿದರೂ ಒತ್ತು ಪಕ್ಕದ ಅಕ್ಷರದ ಕೆಳಗೆ ಹೋಗಿಬಿಡುತ್ತದೆ.

ಇಂಗ್ಲಿಷ್ ಸ್ಪೆಲ್ಲಿಂಗ್‌ ಬಗ್ಗೆ ಯಾರೂ ಯೋಚಿಸಿರಲಿಲ್ಲ. ದೀರ್ಘಕ್ಕೆ ಒಂದು 'ಎ' ಹಾಕಬೇಕೋ ಎರಡೋ? ಟಿಕೆಟ್ ಆ್ಯಪ್‌ನಲ್ಲಿ ಒಂದು ಥರ, ಹ್ಯಾಷ್‌ಟ್ಯಾಗ್‌ನಲ್ಲಿ ಇನ್ನೊಂದು ಥರ, ಪಿಆರ್‌ಒ ಕಳಿಸಿದ ಸುದ್ದಿಯಲ್ಲಿ ಮೂರನೇದು. ಹುಡುಕಿದವರಿಗೆ ಸಿನಿಮಾ ಮೂರು ತುಂಡಾಗಿ ಸಿಗುತ್ತಿತ್ತು. ಮೊದಲ ದಿನವೇ ತೀರ್ಮಾನ ಮಾಡಬೇಕಾದ ವಿಷಯ, ನಾವು ಟ್ರೇಲರ್ ಹೊತ್ತಿಗೆ ಮಾಡಿದೆವು.

ಇನ್‌ಸ್ಟಾಗ್ರಾಮ್‌ನಲ್ಲಿ ಒಂಬತ್ತು ಚೌಕ ಸೇರಿದರೆ ಒಂದು ದೊಡ್ಡ ಚೀಲ ಕಾಣುವ ಹಾಗೆ ಪ್ಲ್ಯಾನ್ ಮಾಡಿದ್ದೆ. ಐದು ಚೌಕ ಹಾಕಿದ್ದೆವು. 2025ರ ಜನವರಿಯಲ್ಲಿ ಅವರು ಪ್ರೊಫೈಲ್‌ನ ಚೌಕಗಳನ್ನು ಉದ್ದ ಮಾಡಿಬಿಟ್ಟರು. ಚೀಲ ಹರಿದುಹೋಯಿತು. ಅಂಥ ಬುದ್ಧಿವಂತಿಕೆ ಮತ್ತೆ ಮಾಡಲಿಲ್ಲ.

ಕೆಲವನ್ನು ಬೇಕಂತಲೇ ಬಿಟ್ಟೆ. ರಿಲೀಸ್ ದಿನ ಥಿಯೇಟರ್ ಮುಂದೆ ಅಭಿಮಾನಿಗಳು ನಿಲ್ಲಿಸಿದ ನಾಯಕನ ಕಟೌಟ್‌ನಲ್ಲಿ ನೀಲಿ ಶರ್ಟು, ಕೂಲಿಂಗ್ ಗ್ಲಾಸು. ಸಿನಿಮಾದಲ್ಲಿ ಅವನಿಗೆ ಅವೆರಡೂ ಇಲ್ಲ. ಮಾರ್ಕೆಟಿಂಗ್ ಹುಡುಗ ಗಾಬರಿಯಾಗಿ ಫೋಟೋ ಕಳಿಸಿ, "ಸರ್, ಇದು ನಮ್ಮ ಬ್ರ್ಯಾಂಡಿಂಗ್ ಅಲ್ಲ, ತೆಗೆಸೋಣ್ವಾ?" ಅಂದ. ಅವರ ದುಡ್ಡು, ಅವರ ಹಾರ, ಅವರ ಹಾಲು. ಸುಮ್ನಿರಪ್ಪಾ ಅಂದೆ.

ಮೊನ್ನೆ ಸಿನಿಮಾ ಓಟಿಟಿಗೆ ಬಂತು. ಫೋಲ್ಡರ್ ಕಳಿಸಿದ್ದೆ, ಅಡ್ಡ ಚಿತ್ರ ಅವರೇ ಮಾಡಿಕೊಂಡರು. ಗೋಣಿಬಟ್ಟೆ ಇದೆ, ಕಿಟಕಿಯ ಬೆಳಕಿದೆ, ಕೆಂಪು ಪರವಾಗಿಲ್ಲ. ಆದರೆ ಟೈಟಲ್ ಕೆಳಗೆ ಮಬ್ಬಾದ ಕಪ್ಪು ನೆರಳು ಹಾಕಿದ್ದಾರೆ, ಸೊನ್ನೆಯ ಕೆಳಗಿನ ಸೇತುವೆ ಅದರಲ್ಲಿ ಮುಚ್ಚಿಹೋಗಿದೆ. ಎರಡು ಮೇಲ್ ಕಳಿಸಿದ್ದೇನೆ. ಈಗ ಬರೆಯುವ ಮೊದಲು ಇನ್ನೊಮ್ಮೆ ತೆರೆದು ನೋಡಿದೆ. ನೆರಳು ಹಾಗೇ ಇದೆ.