ಉಮ್ಮನ ಜೊತೆ ಜಬಲುನ್ನೂರ್ ಹತ್ತಿದ್ದು

ಪ್ರವಾದಿ ಮುಹಮ್ಮದರಿಗೆ (ಸ) ಕುರ್‌ಆನ್‌ನ ಮೊದಲ ವಚನಗಳು ಇಳಿದ ಹಿರಾ ಗುಹೆ ಇರುವುದು ಜಬಲುನ್ನೂರ್ ಬೆಟ್ಟದಲ್ಲಿ. ಕಅಬಾ ಇರುವ ಮಕ್ಕಾದ ಹರಮ್ ಮಸೀದಿಯಿಂದ ಸುಮಾರು 4 ಕಿಲೋಮೀಟರ್ ದೂರ. ಸಮುದ್ರಮಟ್ಟದಿಂದ ಎತ್ತರ 640 ಮೀಟರ್ ಆಸುಪಾಸು. ಕುದುರೆಮುಖ, ಚಾರ್ಮಾಡಿ ನೋಡಿ ಬೆಳೆದ ನಮಗೆ ಇದೇನು ದೊಡ್ಡದಲ್ಲ ಅನಿಸುತ್ತದೆ. ಆದರೆ ಇದು ಬರೀ ಬಂಡೆ. ಮರವಿಲ್ಲ, ನೆರಳಿಲ್ಲ. ಉಮ್ರಾಕ್ಕೆ (ಹಜ್ ಅಲ್ಲದ, ಕಡ್ಡಾಯ ದಿನಗಳಿಲ್ಲದ ಮಕ್ಕಾ ಯಾತ್ರೆ) ಹೋದಾಗ ಅರವತ್ತು ದಾಟಿದ ಉಮ್ಮನನ್ನು (ಅಮ್ಮನನ್ನು) ಕರೆದುಕೊಂಡು ಹತ್ತಿದೆ. ಹಿರಿಯರ ಜೊತೆ ಹೋಗುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಈ ಬೆಟ್ಟ ಹತ್ತುವುದು ಹಜ್‌ನ ಭಾಗವೂ ಅಲ್ಲ, ಉಮ್ರಾದ ಭಾಗವೂ ಅಲ್ಲ. ಉಮ್ಮನಿಗೆ ಇದನ್ನು ಹೊರಡುವ ಮೊದಲೇ ಹೇಳಿದ್ದೆ. ಕಡ್ಡಾಯವಲ್ಲ ಅಂತ ಗೊತ್ತಿದ್ದರೆ ನಡುವೆ ಎಲ್ಲಾದರೂ "ಇಲ್ಲಿಗೆ ಸಾಕು" ಅನ್ನಲು ಸಂಕೋಚ ಇರುವುದಿಲ್ಲ.

ಡಿಸೆಂಬರ್ ತಿಂಗಳು. ಫಜ್ರ್‌ಗೆ (ಮುಂಜಾನೆಯ ನಮಾಝ್) ಬಹಳ ಮುಂಚೆಯೇ ಟ್ಯಾಕ್ಸಿಯಲ್ಲಿ ಬುಡಕ್ಕೆ ಬಂದೆವು. ಮೆಟ್ಟಿಲು ಸಿಗುವ ಮೊದಲೇ ಮನೆಗಳ ನಡುವಿನ ರಸ್ತೆ ಕಡಿದಾಗಿ ಏರುತ್ತದೆ. ಅರ್ಧ ಉಸಿರು ಅಲ್ಲೇ ಖಾಲಿ. ಆಮೇಲೆ ಸಾವಿರಕ್ಕೂ ಜಾಸ್ತಿ ಮೆಟ್ಟಿಲುಗಳು, ಒಂದರ ಹಾಗೆ ಇನ್ನೊಂದಿಲ್ಲ. ಉಮ್ಮ ಸುಸ್ತು ಅನ್ನುವ ಮುಂಚೆಯೇ ಕೂರಿಸುತ್ತಿದ್ದೆ. ಒಂದೊಂದು ಗುಟುಕು ನೀರು, ಒಂದು ಖರ್ಜೂರ, ಮತ್ತೆ ನಡಿಗೆ. ದಾರಿ ಬದಿಯಲ್ಲಿ ಸಿಮೆಂಟ್ ಕಲಸಿಟ್ಟುಕೊಂಡು, ಮೆಟ್ಟಿಲು ಸರಿಮಾಡುತ್ತೇವೆಂದು ಕಾಸು ಕೇಳುವವರು ಸಿಕ್ಕಿದರು. ಕೋತಿಗಳೂ ಇವೆ, ತಿಂಡಿ ಚೀಲದೊಳಗೇ ಇರಲಿ.

ಫಜ್ರ್ ನಮಾಝ್ ಮೇಲೆಯೇ ಆಯಿತು. ಬೆಳಕು ಹರಿದಾಗ ದೂರದಲ್ಲಿ ಹರಮ್ ಪಕ್ಕದ ಗಡಿಯಾರ ಗೋಪುರ ಕಂಡಿತು.

ಹಿರಾ ಗುಹೆ ಇರುವುದು ತುದಿಯಲ್ಲಲ್ಲ. ತುದಿ ದಾಟಿ ಆಚೆ ಬದಿಗೆ ಸ್ವಲ್ಪ ಇಳಿಯಬೇಕು. ಕೊನೆಗೆ ಒಂದಕ್ಕೊಂದು ಒರಗಿದ ಬಂಡೆಗಳ ಸಂದಿಯಲ್ಲಿ ಮೈ ಓರೆ ಮಾಡಿ ನುಸುಳಬೇಕು. ಉಮ್ಮ ಸಂದಿಗೆ ಬರಲಿಲ್ಲ, ಹೊರಗೇ ಕೂತು ದುಆ (ಪ್ರಾರ್ಥನೆ) ಮಾಡಿದರು. ಗುಹೆಯ ಉದ್ದ 4 ಮೀಟರ್‌ಗೂ ಕಡಿಮೆ, ಅಗಲ ಒಂದೂವರೆ ಮೀಟರ್ ಚಿಲ್ಲರೆ. ಹಿಂದೆ ಜನ ಕಾಯುತ್ತಿರುತ್ತಾರೆ, ಬೇಗ ಜಾಗ ಬಿಟ್ಟುಕೊಡುವುದೇ ಒಳ್ಳೆಯದು.

ಕ್ರಿ.ಶ. 610ರ ರಮಝಾನ್‌ನಲ್ಲಿ ಕುರ್‌ಆನ್‌ನ ಅಲಕ್ ಸೂರಃದ (ಅಧ್ಯಾಯದ) ಮೊದಲ 5 ಆಯತ್‌ಗಳು (ವಚನಗಳು) ಇಳಿದದ್ದು ಇಲ್ಲೇ. ಅದು ಚಿಕ್ಕಂದಿನಿಂದ ಕೇಳಿದ ವಿಷಯ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ: ಪ್ರವಾದಿಯವರು (ಸ) ಬುತ್ತಿ ತಂದು ಇಲ್ಲಿ ದಿನಗಟ್ಟಲೆ ಇರುತ್ತಿದ್ದರು, ಅದು ಮುಗಿದರೆ ಪತ್ನಿ ಖದೀಜಾ (ರ) ಹತ್ತಿರ ಹೋಗಿ ಮತ್ತೆ ತರುತ್ತಿದ್ದರು ಅಂತ ಬುಖಾರಿಯ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಸಂಗ್ರಹದಲ್ಲಿದೆ. ಮೆಟ್ಟಿಲೇ ಇಲ್ಲದ ಕಾಲದಲ್ಲಿ, ಇದೇ ಬಂಡೆಗಳ ಮೇಲೆ, ಮತ್ತೆ ಮತ್ತೆ.

ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮೊಣಕಾಲು ನಡುಗುತ್ತದೆ. ನಾನು ಒಂದು ಮೆಟ್ಟಿಲು ಕೆಳಗೆ ನಿಂತು ಹೆಗಲು ಕೊಟ್ಟೆ, ಉಮ್ಮ ಓರೆಯಾಗಿ ಕಾಲಿಟ್ಟು ಇಳಿದರು. ನಡುವೆ ನಿಂತು ಕೇಳಿದರು: "ಆಯತ್ ಇಳಿದ ದಿನ ಪ್ರವಾದಿಯವರು ನಡುಗುತ್ತಾ ಇದನ್ನೇ ಇಳಿದು ಹೋದದ್ದಲ್ವಾ? ಹೊದಿಸಿ ಅಂದಾಗ ಹೊದಿಸಲು ಖದೀಜಾ ಬೀವಿ ಇದ್ದರು, ಸದ್ಯ." ನನಗೆ ಮಾತೇ ಹೊರಡಲಿಲ್ಲ.

ಬಿಸಿಲೇರುವ ಮುಂಚೆ ಕೆಳಗೆ ಮುಟ್ಟುವ ಹಾಗೆ ನೋಡಿಕೊಳ್ಳಿ. ಬೇಸಿಗೆಯಾದರೆ ಹಗಲು ಬೇಡವೇ ಬೇಡ, ಇಶಾ (ರಾತ್ರಿಯ ನಮಾಝ್) ಮುಗಿಸಿ ಹೊರಡಿ. ಜಾರದ ಶೂ, ಒಂದು ಊರುಗೋಲು ಇರಲಿ.